ಗುತ್ಯಪ್ಪನವರ ಗಿರಣಿ ನಿಂತ ಭಾನುವಾರ

ಶಿಕಾರಿಪುರದ ನಮ್ಮ ಬೀದಿಯಲ್ಲಿ ಗುತ್ಯಪ್ಪನವರ ಹಿಟ್ಟಿನ ಗಿರಣಿ ನಿಂತಿತೆಂದರೆ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಬೇರೆ ಊರುಗಳಲ್ಲಿ ಇದಕ್ಕೆ ಬೇರೆ ಏರ್ಪಾಡು ಇರಬಹುದು. ನಮಗೆ ಗಿರಣಿ. ಬೆಳಿಗ್ಗೆ ಏಳಕ್ಕೆ ಗರ್ರ್ರ್ ಎಂದು ಶುರುವಾದರೆ ಅದು ಹಬ್ಬಕ್ಕೆ ನಿಲ್ಲುವುದಿಲ್ಲ, ಅಮಾವಾಸ್ಯೆಗೆ ನಿಲ್ಲುವುದಿಲ್ಲ, ಗುತ್ಯಪ್ಪನವರ ಸ್ವಂತ ಮಗಳ ಮದುವೆಗೂ ನಿಲ್ಲಲಿಲ್ಲ. ಕರೆಂಟು ಹೋದಾಗ ನಿಲ್ಲುತ್ತದೆ, ನಿಜ. ಆಗ ಶಟರ್ ಪೂರ್ತಿ ಮೇಲಿರುತ್ತದೆ, ಗುತ್ಯಪ್ಪನವರು ರಸ್ತೆಯಲ್ಲಿ ನಿಂತು ಕರೆಂಟಿನವರ ವಂಶಾವಳಿ ಓದುತ್ತಿರುತ್ತಾರೆ. ಸದ್ದು ನಿಂತು, ಶಟರ್ ಅರ್ಧಕ್ಕೆ ಇಳಿದು, ಬೈಗುಳವೂ ಕೇಳಿಸದಿದ್ದರೆ ಮಾತ್ರ ಗಂಡಸರು ಹೆಗಲ ಮೇಲಿನ ಟವೆಲ್ ಹುಡುಕುತ್ತಾರೆ, ಹೆಂಗಸರು ಒಗ್ಗರಣೆ ಅರ್ಧಕ್ಕೆ ಬಿಟ್ಟು ಒಲೆ ಆರಿಸುತ್ತಾರೆ. ಯಾರು ಸತ್ತರು ಎಂಬುದು ಆಮೇಲಿನ ಪ್ರಶ್ನೆ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಗಿರಣಿ ನಿಂತಿತು. ನಿಲ್ಲಿಸಿದವನು ಗಿರಣಿಯ ಪಕ್ಕದ ಮನೆಯ ಮಾಲತೇಶ. ಕಾರಣ ಒಂದು ಸಾವಲ್ಲ, ಹದಿನೇಳು ಸಾವು. ಹದಿನೇಳೂ ಅವನದೇ.

ಮಾಲತೇಶ ನನ್ನ ಓರಗೆಯವನು, ನಲವತ್ತಾರು ವರ್ಷ, ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ವಿಭಾಗ. ಧೈರ್ಯದ ವಿಷಯದಲ್ಲಿ ಅವನು ದೊಡ್ಡ ದಾಸ್ತಾನುಗಾರ, ಚಿಲ್ಲರೆ ವ್ಯಾಪಾರ ಮಾತ್ರ ಇಲ್ಲ. ಬಚ್ಚಲಲ್ಲಿ ಜಿರಳೆ ಕಂಡರೆ ಹೆಂಡತಿ ನಾಗಶ್ರೀಯನ್ನು ಮುಂದೆ ಬಿಟ್ಟು ಹಿಂದಿನಿಂದ ಮಾರ್ಗದರ್ಶನ ಮಾಡುತ್ತಾನೆ. ಅಂಥವನು, ಕಾಲೇಜಿಗೆ ಹೋಗುವ ಮಗಳು ಶರಣ್ಯ ಎರಡು ತಿಂಗಳಿಂದ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಾ ಆಗಾಗ ಕುರ್ಚಿಯಿಂದ ಹಾರಿಬೀಳುವುದನ್ನು ಕಂಡು, ಕಣ್ಣೇ ಇಲ್ಲದ ಪ್ರಾಣಿಗೆ ಇಷ್ಟು ಹೆದರುವುದೇ, ನಾನಾಗಿದ್ದರೆ ಎರಡು ಬಾರಿಸಿ ಕಳಿಸುತ್ತಿದ್ದೆ ಎಂದುಬಿಟ್ಟಿದ್ದ.

ಆ ಆಟ ಹೀಗೆ. ಆಕಾಶದಲ್ಲಿ, ಭೂಮಿಯಿಂದ ಲೆಕ್ಕವಿಲ್ಲದಷ್ಟು ದೂರ, ಒಂದು ಪಾಳುಬಿದ್ದ ನೌಕೆ. ನಮ್ಮ ತಾಲೂಕಿನ ಬಂದಳಿಕೆಯ ಹಳೇ ಗುಡಿಗಳಂತೆ ಎಲ್ಲವೂ ಮುರಿದಿದೆ, ಕತ್ತಲು ಮಾತ್ರ ಗಟ್ಟಿಯಾಗಿದೆ. ಒಳಗಿದ್ದವರೆಲ್ಲ ಸತ್ತು ನೀವೊಬ್ಬರು ಉಳಿದಿದ್ದೀರಿ. ನಿಮ್ಮೊಡನೆ ಇನ್ನೊಂದು ಉಳಿದಿದೆ: ಎಂಟಡಿ ಎತ್ತರ, ಹಿಂದಕ್ಕೆ ಮಡಿಚುವ ಮೊಣಕಾಲು, ಕಣ್ಣಿನ ಜಾಗದಲ್ಲೂ ಕಿವಿ. ಹೊಡೆಯಲು ಆಯುಧವಿಲ್ಲ. ಅಡಗಬೇಕು, ತೆವಳಬೇಕು, ಉಸಿರು ಬಿಗಿಹಿಡಿಯಬೇಕು. ಎಲ್ಲಕ್ಕಿಂತ ಘೋರವಾದದ್ದೆಂದರೆ ಆ ಪ್ರಾಣಿ ಕಂಪ್ಯೂಟರಿನ ಮೈಕಿನ ಮೂಲಕ ನಿಮ್ಮ ಮನೆಯ ಸದ್ದನ್ನು ಕೇಳಿಸಿಕೊಳ್ಳುತ್ತದೆ. ನೀವು ಶಿಕಾರಿಪುರದಲ್ಲಿ ಕೆಮ್ಮಿದರೆ ಅದು ಆಕಾಶದಲ್ಲಿ ಓಡಿಬರುತ್ತದೆ.

ನೌಕೆಯ ಗೋಡೆಗಳಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ದೀಪದ ಪೆಟ್ಟಿಗೆ. ಅದನ್ನು ಒತ್ತಿದರೆ ಆಟ ಅಲ್ಲಿಗೆ ಸೇವ್ ಆಗುತ್ತದೆ, ಹಿಂದೆ ಸೇವ್ ಮಾಡಿದ್ದು ಅಳಿಸಿಹೋಗುತ್ತದೆ. ನಲವತ್ತು ಗಂಟೆ ಆಡಿ ಶರಣ್ಯ ಕೊನೆಯ ಬಾಗಿಲ ಬಳಿಯ ಪೆಟ್ಟಿಗೆಯವರೆಗೆ ಬಂದಿದ್ದಳು. ಬಾಗಿಲಾಚೆ ತಪ್ಪಿಸಿಕೊಳ್ಳುವ ದೋಣಿ. ಅವಳ ಸಿಲಿಂಡರಿನಲ್ಲಿ ನಲವತ್ತು ಭಾಗ ಆಮ್ಲಜನಕ ಉಳಿದಿತ್ತು. ಶುಕ್ರವಾರ ತಾಯಿಯೊಡನೆ ಸೊರಬದ ಅಜ್ಜಿ ಮನೆಗೆ ಹೊರಟಾಗ, ಭಾನುವಾರ ಹನ್ನೆರಡರ ಬಸ್ಸಿಗೆ ಬಂದು ಮುಗಿಸುತ್ತೇನೆ, ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಬೇಡ ಎಂದು ಅಪ್ಪನಿಗೆ ಮೂರು ಸಲ ಹೇಳಿದ್ದಳು.

ಮೂರು ಸಲ ಹೇಳಿದ್ದೇ ತಪ್ಪಾಯಿತು. ಒಮ್ಮೆ ಹೇಳಿದ್ದರೆ ಅವನು ಮರೆಯುತ್ತಿದ್ದ.

ಎರಡನೇ ಶನಿವಾರದ ರಜೆ. ಮಾಲತೇಶ ಬರೀ ನೋಡೋಣವೆಂದು ಕೂತ. ನೌಕೆ ಹತ್ತಿದ ಈ ನೌಕರನಿಗೆ ಮೊದಲ ನಿಮಿಷದಲ್ಲೇ ಹಿಂದಿನಿಂದ ಖ್ಹ್‌ರ್ರ್ರ್ ಎಂಬ ಸದ್ದು ಕೇಳಿಸಿತು. ಬೆಳಗಿನ ಜಾವ ನಲ್ಲಿಯ ಬಳಿ ಹಿರಿಯರು ಗಂಟಲು ತೊಳೆಯುವ ಸದ್ದು, ಆದರೆ ತೊಳೆಯುತ್ತಿರುವುದು ಬೇರೆ ಯಾರದೋ ಗಂಟಲು. ಅವನು ಓಡಿದ. ಯಾವ ದಿಕ್ಕಿಗೆಂದು ಅವನನ್ನು ಕೇಳಬೇಡಿ, ಲಿಫ್ಟಿನ ಬಾವಿಯನ್ನು ಕೇಳಿ. ನಾಲ್ಕು ಅಂತಸ್ತು ಕೆಳಗೆ ಬಿದ್ದು, ಗಾಬರಿಯಲ್ಲಿ ಗೋಡೆಯ ನೀಲಿ ದೀಪವನ್ನು ಕಾಲಿಂಗ್ ಬೆಲ್ ಎಂದುಕೊಂಡು, ಯಾರಾದರೂ ಬಾಗಿಲು ತೆರೆಯಲಿ ಎಂದು ಒತ್ತಿದ. ಯಾರೂ ತೆರೆಯಲಿಲ್ಲ. ಆಟ ಅಲ್ಲೇ ಸೇವ್ ಆಯಿತು. ನಲವತ್ತು ಗಂಟೆಯ ಕೊನೆಯ ಆರು ಗಂಟೆ ಹೋಯಿತು, ಆಮ್ಲಜನಕ ಅರ್ಧ ಹೋಯಿತು.

ಆಮ್ಲಜನಕ ಕಡಿಮೆಯಾದಷ್ಟೂ ಈ ಜನಕನ ಹೊಟ್ಟೆಯಲ್ಲಿ ಆಮ್ಲ ಏರಿತು. ಎರಡು ವರ್ಷದ ಹಿಂದೆ ಅವಳ ಬಾಟನಿ ರೆಕಾರ್ಡನ್ನು ರದ್ದಿಗೆ ಹಾಕಿದ್ದಕ್ಕೆ ಶರಣ್ಯ ಒಂದು ತಿಂಗಳು ಅವನೊಡನೆ ಮಾತು ಬಿಟ್ಟಿದ್ದಳು. ಆ ತಿಂಗಳು ಅವನು ತೂಕ ಇಳಿದದ್ದನ್ನು ನಾನೇ ನೋಡಿದ್ದೇನೆ. ಈಗ ಉಳಿದ ದಾರಿ ಒಂದೇ: ಅವಳು ಬರುವುದರೊಳಗೆ ಆ ನಾಲ್ಕು ಅಂತಸ್ತು ಮತ್ತೆ ಹತ್ತಿ, ಅವಳ ಆಟವನ್ನು ಅವಳು ಬಿಟ್ಟ ಪೆಟ್ಟಿಗೆಯಲ್ಲೇ ತಂದಿಡುವುದು.

ಶನಿವಾರ ಸಂಜೆಯೊಳಗೆ ಹದಿನೇಳು ಸಲ ಸತ್ತ. ಆರು ಸಲ ಗುತ್ಯಪ್ಪನವರ ಗಿರಣಿಯಿಂದ, ಎರಡು ಸಲ ಬೀದಿಯ ಕುಕ್ಕರುಗಳಿಂದ, ಮೂರು ಸಲ ಕಸದ ಗಾಡಿ, ಈರುಳ್ಳಿ ಗಾಡಿಗಳಿಂದ. ಉಳಿದ ಆರು ಸಲ ಅವನೇ ಹೆದರಿ ‘ಅಯ್ಯೋ’ ಅಂದದ್ದಕ್ಕೆ. ಹದಿಮೂರನೇ ಸಾವಿನ ಹೊತ್ತಿಗೆ ಆ ಪ್ರಾಣಿಯ ಮೇಲೆ ಅವನಿಗೆ ಎಂಥದೋ ಮರ್ಯಾದೆ ಹುಟ್ಟಿತ್ತು. ಹೇಳದೆ ಕೇಳದೆ ಬರುತ್ತದೆ, ಬಂದಮೇಲೆ ಯಾರ ಮಾತೂ ಕೇಳುವುದಿಲ್ಲ. ಅವನು ಅದಕ್ಕೆ ‘ಸಾಹೇಬ್ರು’ ಎಂದು ಹೆಸರಿಟ್ಟ. ರಾತ್ರಿ ಬೀದಿಯೆಲ್ಲ ಸದ್ದಿಲ್ಲದೆ ಮಲಗಿದ್ದರೂ, ಕತ್ತಲಲ್ಲಿ ಒಬ್ಬನೇ ಸಾಹೇಬ್ರ ಮುಂದೆ ಕೂರುವ ಧೈರ್ಯ ಅವನಿಗಿರಲಿಲ್ಲ.

ಹೀಗೆ ಭಾನುವಾರ ಬೆಳಿಗ್ಗೆ, ನಿದ್ದೆಗೆಟ್ಟು ಕೆಂಪಾದ ಕಣ್ಣಿನಲ್ಲಿ, ಮಾಲತೇಶ ಗಿರಣಿಯ ಮೆಟ್ಟಿಲಲ್ಲಿ ನಿಂತು ಕೈ ಮುಗಿದ.

“ಗುತ್ಯಪ್ಪನೋರೇ, ಹನ್ನೆರಡು ಗಂಟೆ ತನಕ ಗಿರಣಿ ನಿಲ್ಲಿಸ್ರಿ. ಯಾಕೆ ಅಂತ ಮಾತ್ರ ಕೇಳಬ್ಯಾಡ್ರಿ.”

ಗುತ್ಯಪ್ಪನವರು ಕೇಳಲಿಲ್ಲ. ಮೂವತ್ತು ವರ್ಷ ಗಿರಣಿಯಲ್ಲಿ ಕೂತವರಿಗೆ ಕೇಳುವ ಅಭ್ಯಾಸವೇ ತಪ್ಪಿರುತ್ತದೆ. ಪಕ್ಕದ ಮನೆಯವನು ಕೈ ಮುಗಿದನಲ್ಲ, ಅಷ್ಟು ಸಾಕು. ಮೋಟಾರು ಆಫ್ ಮಾಡಿದರು. ಮೋಟಾರು ನಿಂತೊಡನೆ ಕೈ ಅಭ್ಯಾಸಬಲದಿಂದ ಶಟರನ್ನು ಅರ್ಧಕ್ಕೆ ಎಳೆಯಿತು. ಆಮೇಲೆ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಜೋಳದ ಚೀಲಗಳ ಮೇಲೆ ಒರಗಿದವರು ನಿದ್ದೆಹೋದರು.

ಎದುರು ಮನೆಯ ಇಮಾಂಬೀ ಮೇಕೆ ಕಟ್ಟುತ್ತಾ ಇಷ್ಟನ್ನೂ ನೋಡಿದ್ದಳು. ಗಿರಣಿ ನಿಂತಿದೆ. ಶಟರ್ ಅರ್ಧ. ಅದಕ್ಕೂ ಮೊದಲು ಮಾಲತೇಶಣ್ಣ ಕೆಂಪು ಕಣ್ಣಲ್ಲಿ ಬಂದು ಕೈ ಮುಗಿದು ಹೋದ. ಹೆಂಡತಿ ಮಗಳು ಸೊರಬದಲ್ಲಿದ್ದಾರೆ. ಸೊರಬದಲ್ಲಿ ವಯಸ್ಸಾದವರು ಯಾರು? ಮಾಲತೇಶನ ಅತ್ತೆ ವನಜಮ್ಮ. ಇಮಾಂಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ವನಜಮ್ಮ ಕಣ್ಣಿನ ಆಪರೇಷನ್ನಿಗೆಂದು ಬಂದು ಎರಡು ತಿಂಗಳು ಇಲ್ಲಿದ್ದಾಗ ಇಬ್ಬರೂ ಅಕ್ಕತಂಗಿಯರಂತೆ ಇದ್ದವರು. ಎಂಟೂವರೆಗೆ ಆಕೆ ನಮ್ಮ ಮನೆಗೆ ಸುದ್ದಿ ಮುಟ್ಟಿಸಿದಳು, ನಾನು ಟವೆಲ್ ಹಾಕಿಕೊಂಡೆ. ಎಂಟೂಮುಕ್ಕಾಲಿಗೆ ಬೀದಿಗೇ ಗೊತ್ತಾಗಿತ್ತು. ಕುಕ್ಕರುಗಳು ಕೂಗುವುದನ್ನು ನಿಲ್ಲಿಸಿದವು. ಟೀವಿಗಳು ಬಾಯಿ ಮುಚ್ಚಿದವು. ಇಮಾಂಬೀ ಮೇಕೆಯ ಮೂತಿಯನ್ನು ಕಂಕುಳಲ್ಲಿ ಅಮುಕಿಕೊಂಡು ಕೂತಳು. ಚಿಲಕ ಹಾಕಿಕೊಂಡು ದುಃಖಿಸುವವನನ್ನು ಕೂಗಬಾರದೆಂದು ನಾವು ಗಂಡಸರು ಅವನ ಜಗಲಿಯ ಮೇಲೆ ಕೂತೆವು.

ಒಳಗೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಮೈಕಿನ ಮುಂದೆ ಕೂತಿದ್ದ ಮಾಲತೇಶನಿಗೆ ಆಶ್ಚರ್ಯವಾಯಿತು. ಪರದೆಯ ಮೂಲೆಯಲ್ಲಿ ಸದ್ದು ತೋರಿಸುವ ಕಡ್ಡಿಯೊಂದಿತ್ತು. ನಿನ್ನೆಯೆಲ್ಲ ಕುಣಿಯುತ್ತಿದ್ದ ಅದು ಈಗ ಮಲಗಿತ್ತು. ಮೊದಲ ಅಂತಸ್ತು ದಾಟಿದ. ಗಾಳಿಯ ಕೊಳವೆಯಲ್ಲಿ ತೆವಳಿದ. ನೌಕೆಯ ಹೊರಗೆ ನಿರ್ವಾತ, ಅವನ ಮೊಣಕಾಲಿನಲ್ಲಿ ವಾತ. ಸಾಹೇಬ್ರು ಕೊಳವೆಯ ಕೆಳಗೆ ಖ್ಹ್‌ರ್ರ್ರ್ ಎಂದು ಎರಡು ಸುತ್ತು ಹಾಕಿ, ಏನೂ ಕೇಳಿಸದೆ, ಮುನಿಸಿಕೊಂಡವರಂತೆ ಹೊರಟುಹೋದರು.

ಒಂಬತ್ತಕ್ಕೆ ಪುರಸಭೆಯ ಕಸದ ಗಾಡಿ ಹಸಿ ಕಸ ಒಣ ಕಸದ ಹಾಡು ಹೇಳುತ್ತಾ ತಿರುವಿಗೆ ಬಂತು. ಡ್ರೈವರ್ ಹರೀಶ ಅರ್ಧ ಇಳಿದ ಶಟರ್ ಕಂಡವನೇ ಹಾಡು ನಿಲ್ಲಿಸಿ, ಟೋಪಿ ತೆಗೆದು, ಎರಡೂ ಕೈಯಲ್ಲಿ ಬಕೆಟ್ ಹಿಡಿದು, ಹೂವು ಅರ್ಪಿಸುವವನಂತೆ ಕಸ ಸುರಿದುಕೊಂಡ. ಅವನ ಹಿಂದೆಯೇ ಶಿರಾಳಕೊಪ್ಪದ ಫಯಾಜ್ ಈರುಳ್ಳಿಯ ಗೂಡ್ಸ್ ಆಟೋ ತಂದ. ಅವನ ಧ್ವನಿವರ್ಧಕ ‘ಬರ್ರಿ ಅಕ್ಕಾರೆ, ಈರುಳ್ಳಿಯೇಏಏ, ಬಳ್ಳೊ’ ಎಂಬಲ್ಲಿಗೆ ಬಂದಾಗ ಹನ್ನೆರಡು ಕೈಗಳು ಒಟ್ಟಿಗೆ ಎದ್ದವು. ‘ಳ್ಳಿ’ ಅಲ್ಲೇ ಉಳಿಯಿತು. ಫಯಾಜ್ ಆಟೋ ನಿಲ್ಲಿಸಿ, ತಲೆಗೆ ಕರ್ಚೀಫು ಹಾಕಿಕೊಂಡು, ವ್ಯಾಪಾರ ಬಿಟ್ಟು ನಮ್ಮ ಜೊತೆ ಜಗಲಿಯ ಮೇಲೆ ಕೂತ.

ಈಗ ಇಮಾಂಬೀಗೆ, ಸೊರಬಕ್ಕೆ ಒಂದು ಫೋನಾದರೂ ಮಾಡಿ ನಾಗಶ್ರೀಗೆ ಸಮಾಧಾನ ಹೇಳಬೇಕೆನಿಸಿತು. ಅವಳ ಬಳಿ ಇದ್ದದ್ದು ವನಜಮ್ಮನ ನಂಬರು. ಸತ್ತವರ ಫೋನನ್ನು ಮನೆಯವರು ಎತ್ತುತ್ತಾರಲ್ಲ ಎಂದು ಹಚ್ಚಿದಳು. ಎತ್ತಿದ್ದು ಸತ್ತವರೇ. ಇಮಾಂಬೀ ಫೋನನ್ನು ಕಿವಿಯಿಂದ ತೆಗೆದು ನಂಬರು ನೋಡಿದಳು. ಆಮೇಲೆ ವನಜಕ್ಕಾ ನೀನೇನಾ ಎಂದು ಕೇಳಿದಳು. ನಾನಲ್ಲದೆ ಮತ್ಯಾರು, ಇಡ್ಲಿ ತಿಂತಾ ಇದ್ದೀನಿ ಎಂದು ಆ ಕಡೆಯಿಂದ ಬಂತು.

“ಹಂಗಾದ್ರೆ ವನಜಕ್ಕಾ,” ಇಮಾಂಬೀ ಕೇಳಿದಳು, “ಇಲ್ಲಿ ಗಿರಣಿ ಯಾಕೆ ನಿಂತದೆ?”

ಎರಡು ತಿಂಗಳು ಈ ಬೀದಿಯ ನೀರು ಕುಡಿದಿದ್ದ ವನಜಮ್ಮ ಅರ್ಧ ಇಡ್ಲಿಯನ್ನು ತಟ್ಟೆಗೆ ವಾಪಸಿಟ್ಟರು. ಸಾವು ಯಾರ ಮನೆಯದು ಅಂತ ಕೇಳುವ ಅಗತ್ಯವಿರಲಿಲ್ಲ, ಫೋನು ಬಂದದ್ದು ತಮಗೇ, ಗಿರಣಿಯ ಪಕ್ಕ ಇರುವುದು ಒಂದೇ ಮನೆ, ಮನೆಯಲ್ಲಿ ಇರುವುದು ಒಬ್ಬನೇ ಅಳಿಯ. ನಾಗಶ್ರೀ ಗಂಡನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಬಚ್ಚಲಿಗೂ ಫೋನ್ ಒಯ್ಯುವ ಮನುಷ್ಯ. ರಿಂಗಾದರೆ ಸಾಹೇಬ್ರು ಬರುತ್ತಾರೆಂದು ಅವನು ಆರಿಸಿಟ್ಟಿದ್ದಾನೆಂದು ಸೊರಬದಲ್ಲಿ ಯಾರಿಗೆ ಗೊತ್ತು?

ಇತ್ತ ಬೀದಿಯ ಲೆಕ್ಕವೂ ಬದಲಾಯಿತು. ವನಜಮ್ಮ ಇದ್ದಾರೆ, ಗಿರಣಿ ನಿಂತಿದೆ. ಹಾಗಾದರೆ ಮಾಲತೇಶನೇ. ನಾನು ಬೆಳಿಗ್ಗೆ ಅವನು ನಡೆದಾಡುತ್ತಿದ್ದನಂತಲ್ಲ ಎಂದೆ. ಸತ್ತವರೆಲ್ಲ ಬೆಳಿಗ್ಗೆ ನಡೆದಾಡಿದವರೇ ಎಂದು ಹರೀಶ ಹೇಳಿದ. ಗುತ್ಯಪ್ಪನವರನ್ನು ಎಬ್ಬಿಸಿ ಹೇಳಿದಾಗ ಅವರು ಚೀಲದ ಮೇಲೆ ಎದ್ದು ಕೂತು ಮೈಮೇಲಿನ ಹಿಟ್ಟು ಕೊಡವಿಕೊಂಡರು. ಕೊನೆಗೆ ಮೆಲ್ಲಗೆ ಬಾಯಿಬಿಟ್ಟರು.

“ಎಂಥಾ ದೊಡ್ಡ ಮನುಷ್ಯಾರೀ. ತನ್ನ ಸಾವಿಗೆ ತಾನೇ ಬಂದು ಗಿರಣಿ ನಿಲ್ಲಿಸ್ರಿ ಅಂತ ಹೇಳಿ ಹೋದ.”

ಬೀದಿ ತಲೆದೂಗಿತು. ಸತ್ತಮೇಲೆ ಮನುಷ್ಯನ ಬೆಲೆ ಏರುತ್ತದೆ ಎನ್ನುತ್ತಾರೆ, ಮಾಲತೇಶನದು ಗಂಟೆಗಂಟೆಗೂ ಏರುತ್ತಿತ್ತು. ಗುತ್ಯಪ್ಪನವರು ಕಿಟಕಿಯ ಸಂದಿಯಲ್ಲಿ ಇಣುಕಿ ಬಂದು, ಕುರ್ಚಿಯಲ್ಲಿ ಕೂತಹಾಗೆಯೇ ಹೋಗಿದ್ದಾನೆ, ಬೆನ್ನು ಈ ಕಡೆ, ಉಸಿರಾಟವಿಲ್ಲ ಎಂದು ವರದಿ ಕೊಟ್ಟರು. ಉಸಿರಾಟ ಇರಲಿಲ್ಲ, ನಿಜ. ಆ ಹೊತ್ತಿಗೆ ಮಾಲತೇಶ ಮೂರನೇ ಅಂತಸ್ತಿನ ಒಂದು ಕಪಾಟಿನಲ್ಲಿ ಅಡಗಿದ್ದ, ಕಪಾಟಿನ ಹೊರಗೆ ಸಾಹೇಬ್ರು ಬಾಗಿಲಿಗೆ ಕಿವಿ ಇಟ್ಟು ನಿಂತಿದ್ದರು. ಬಾಗಿಲು ಒಡೆಯೋಣವೇ, ಡಾಕ್ಟರನ್ನು ಕರೆಯೋಣವೇ ಎಂದು ನಾನು ಕೇಳಿದೆ. ಹೆಂಡತಿ ಕಡೆಯವರು ಬರುವವರೆಗೆ ಬಾಗಿಲು ಮುಟ್ಟಿದರೆ ನಾಳೆ ಮಾತು ಬರುತ್ತದೆ ಎಂದು ಗುತ್ಯಪ್ಪನವರು ತಡೆದರು.

ಹೆಂಡತಿ ಕಡೆಯವರು ಹೊರಟಾಗಿತ್ತು. ಬಾಡಿಗೆ ಜೀಪಿನಲ್ಲಿ ನಾಗಶ್ರೀ, ಶರಣ್ಯ, ವನಜಮ್ಮ, ಮುಂದಿನ ಸೀಟಿನಲ್ಲಿ ವನಜಮ್ಮನ ಅಣ್ಣ ಉಚ್ಚಂಗಪ್ಪ. ಎಪ್ಪತ್ತೆರಡು ವರ್ಷದ ಉಚ್ಚಂಗಪ್ಪನವರಿಲ್ಲದೆ ಸೊರಬದ ಸುತ್ತ ಹತ್ತು ಹಳ್ಳಿಯಲ್ಲಿ ಸಾವು ಮುಂದೆ ಹೋಗುವುದಿಲ್ಲ. ಸತ್ತವರ ಮುಖ ನೋಡಿ ಅವರು ಮೊದಲು ಅಳಬೇಕು, ಆಮೇಲೆ ಉಳಿದವರು. ಮುಖ ನೋಡುವ ಮೊದಲು ಅತ್ತರೆ ಅದು ಅಳುವಲ್ಲ, ಗಲಾಟೆ ಎಂಬುದು ಅವರ ಕಾಯಿದೆ. ಹಾಗಾಗಿ ಜೀಪಿನಲ್ಲಿ ಯಾರನ್ನೂ ಅಳಗೊಡಲಿಲ್ಲ. ಶಿರಾಳಕೊಪ್ಪದಲ್ಲಿ ಒಂದು ನಿಮಿಷ ನಿಲ್ಲಿಸಿ ಆಳುದ್ದದ ಚೆಂಡುಹೂವಿನ ಹಾರ ಕೊಂಡರು.

ಹನ್ನೊಂದಕ್ಕೆ ಜೀಪು ಬಂತು. ಮುಂಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ಹಿತ್ತಲ ಬಾಗಿಲನ್ನು ಹೇಗೆ ಎತ್ತಿ ತಳ್ಳಬೇಕೆಂದು ನಾಗಶ್ರೀಗೆ ಗೊತ್ತಿತ್ತು. ಒಬ್ಬರ ಹಿಂದೆ ಒಬ್ಬರು, ಚಪ್ಪಲಿ ಕಳಚಿ, ನಲವತ್ತು ಜನ ಅಡುಗೆಮನೆ ದಾಟಿ ಹಾಲ್ ತುಂಬಿಕೊಂಡೆವು. ಒಂದು ಬಳೆಯೂ ಸದ್ದು ಮಾಡಲಿಲ್ಲ. ಮಾಲತೇಶನ ಬೆನ್ನು ನಮ್ಮ ಕಡೆಗಿತ್ತು. ಉಚ್ಚಂಗಪ್ಪ ಎರಡೂ ಕೈಯಲ್ಲಿ ಹಾರ ಬಿಡಿಸಿ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು, ಮುಖ ನೋಡಲು ಕುರ್ಚಿಯತ್ತ ಒಂದೊಂದೇ ಹೆಜ್ಜೆ ಇಟ್ಟರು.

ಆಗ ಹೆಣದ ಹೆಬ್ಬೆರಳು ಅಲ್ಲಾಡಿತು.

ಎಲ್ಲರಿಗಿಂತ ಮೊದಲು ಪರದೆ ನೋಡಿದವಳು ಶರಣ್ಯ. ಕೊಳವೆ, ಕತ್ತಲು, ದೂರದಲ್ಲಿ ನೀಲಿ ದೀಪ. ಒಂದೂಕಾಲು ಗಂಟೆ ಜೀಪಿನಲ್ಲಿ ಬಿಳಿಚಿಕೊಂಡಿದ್ದ ಅವಳ ಮುಖಕ್ಕೆ ಬಣ್ಣ ಬಂತು, ಆಮೇಲೆ ಇನ್ನೊಂದು ಬಣ್ಣ ಬಂತು. ಅವಳು ತಿರುಗಿ ನಲವತ್ತು ಜನಕ್ಕೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಬೆಳಗಿನಿಂದ ಅದೇ ಅಭ್ಯಾಸವಾಗಿದ್ದ ನಾವು ಹಾಗೇ ನಿಂತೆವು. ನಾಗಶ್ರೀಗೆ ವಿಷಯ ಅರ್ಥವಾಗಲು ನಾಲ್ಕು ಕ್ಷಣ ಹಿಡಿಯಿತು. ಅಳು ಅರ್ಧದಲ್ಲಿತ್ತು, ಕೈ ಮೂಲೆಯ ಪೊರಕೆಗೆ ಹೋಯಿತು. ಶರಣ್ಯ ಆ ಕೈ ಹಿಡಿದು ಕಿವಿಯಲ್ಲಿ ಉಸಿರಿದಳು.

“ಅಮ್ಮಾ, ಹೊಡಿ. ಆದ್ರೆ ಸೇವ್ ಆದ್ಮೇಲೆ ಹೊಡಿ.”

ಮುಂದಿನ ಮೂರು ನಿಮಿಷ ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಹೆಡ್‌ಫೋನಿನ ಮಾಲತೇಶನಿಗೆ ನಾವಿರುವುದು ಗೊತ್ತಿಲ್ಲ. ಅವನು ತೆವಳುತ್ತಿದ್ದಾನೆ. ಕೊಳವೆಯ ಜಾಲರಿಯಾಚೆ ಸಾಹೇಬ್ರ ಬೆನ್ನು ಕಾಣುತ್ತದೆ. ಅದು ನಿಂತರೆ ಅವನು ನಿಲ್ಲುತ್ತಾನೆ, ಅವನು ನಿಂತರೆ ನಾವು ಉಸಿರು ನಿಲ್ಲಿಸುತ್ತೇವೆ. ಯಾರ ಸಾವಿಗೆ ಬಂದಿದ್ದೆವೋ ಅವನು ಸಾಯಬಾರದೆಂದು ಹರೀಶ ಎರಡೂ ಕೈ ಮುಗಿದುಕೊಂಡಿದ್ದ. ಒಂದು ಕಡೆ ದಾರಿ ಎರಡಾದಾಗ ವನಜಮ್ಮ ಕತ್ತನ್ನು ಎಡಕ್ಕೆ ವಾಲಿಸಿ ಅಳಿಯನ ಬೆನ್ನಿಗೆ ಸನ್ನೆ ಮಾಡುತ್ತಿದ್ದರು, ಹೋರಿಯನ್ನು ಕಣ್ಣಲ್ಲೇ ತಿರುಗಿಸುವವರ ಹಾಗೆ. ಅವನು ಎಡಕ್ಕೇ ಹೋದ. ನೀಲಿ ದೀಪ ಮುಟ್ಟಿದ. ಒತ್ತಿದ.

ಸೇವ್ ಆಗುವಾಗ ಪರದೆ ಮೂರು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಕಪ್ಪು ಗಾಜು ಕನ್ನಡಿ. ಆ ಕನ್ನಡಿಯಲ್ಲಿ ಮಾಲತೇಶನಿಗೆ ತನ್ನ ಹಿಂದೆ ಸಾಲುಸಾಲಾಗಿ ಉಸಿರಾಡದ ನಲವತ್ತು ಮುಖಗಳು ಕಂಡವು. ಎಲ್ಲಕ್ಕೂ ಮುಂದೆ, ಕೆನ್ನೆ ಉಬ್ಬಿಸಿಕೊಂಡು, ಹಾರ ಹಿಡಿದು ಅವನ ಕೊರಳಿಗೆ ಬಾಗುತ್ತಿದ್ದ ಉಚ್ಚಂಗಪ್ಪ.

ಅವನು ಕೂಗಿದ ಕೂಗಿಗೆ ಇಮಾಂಬೀಯ ಮೇಕೆ ಹಗ್ಗ ಹರಿದುಕೊಂಡಿತು. ಆಕಾಶದಲ್ಲಿ ಸಾಹೇಬ್ರು ದೋಣಿಯ ಕಡೆಯಿಂದ ಹಾರಿಬಂದು ಅವನನ್ನು ಒಂದೇ ತುತ್ತಿಗೆ ಮುಗಿಸಿದರು. ಆಟ ಮತ್ತೆ ನೀಲಿ ಪೆಟ್ಟಿಗೆಯ ಬಳಿ ಬಂದು ನಿಂತಿತು. ಸೇವ್ ಆಗಿತ್ತು. ಕೊನೆಯ ಬಾಗಿಲು, ಅದೇ ಜಾಗ. ಆಮ್ಲಜನಕ ಮಾತ್ರ ನಾಲ್ಕು ಭಾಗ.

ನಾಗಶ್ರೀ ಪೊರಕೆಯ ಕೆಲಸ ಸಂಕ್ಷೇಪವಾಗಿ ಮುಗಿಸಿದಳು. ಗುತ್ಯಪ್ಪನವರು, ಸಾಯದಿದ್ದ ಮೇಲೆ ಸಾಯುವವನ ಹಾಗೆ ಕೈ ಯಾಕ್ರೀ ಮುಗಿದ್ರಿ ಎಂದು ಕೇಳಿದರು. ಎಲ್ಲರೂ ಏನೇನೋ ಕೇಳುತ್ತಿದ್ದರು. ಮಾಲತೇಶ ಯಾರ ಕಡೆಗೂ ನೋಡಲಿಲ್ಲ, ಹೆಡ್‌ಫೋನ್ ಕಳಚಿ ಮಗಳ ಮುಂದೆ ನಿಂತ.

“ನಿನ್ನ ಆಟ ನಾನೇ ಹಾಳು ಮಾಡಿದೆ ಪುಟ್ಟಿ. ವಾಪಸ್ ತಂದಿಟ್ಟಿದ್ದೀನಿ. ಗಾಳಿ ಖರ್ಚಾಗಿದೆ.”

ಶರಣ್ಯ ಅವನನ್ನು ದಾಟಿ ಹೋದಳು. ಕುರ್ಚಿಯಲ್ಲಿ ಕೂತು ಪರದೆ ನೋಡಿದಳು. ಓಡಿದರೆ ನಾಲ್ಕು ಭಾಗ ಗಾಳಿ ಇಪ್ಪತ್ತೈದು ಕ್ಷಣಕ್ಕೆ ಮುಗಿಯುತ್ತದೆ. ದೋಣಿಗೆ ಇಪ್ಪತ್ತು ಕ್ಷಣದ ದಾರಿ. ದಾರಿಯ ನಡುವೆ ಸಾಹೇಬ್ರು. ಅವಳು ಮೂರು ಸಲ ಹೋದಳು, ಮೂರು ಸಲವೂ ಸತ್ತಳು. ನಲವತ್ತು ಗಂಟೆಯ ಆಟ ಮುಗಿಯದ ಜಾಗದಲ್ಲಿ ಸಿಕ್ಕಿಕೊಂಡಿದೆ ಎಂಬುದು ನಮಗೆಲ್ಲ ನಿಧಾನಕ್ಕೆ ತಿಳಿಯಿತು. ಹಾಲಿನಲ್ಲಿ ನಿಜವಾದ ಸಾವಿನ ಮನೆಯ ಮೌನ ಬಂದದ್ದು ಆಗಲೇ. ಒಬ್ಬರೂ ಮನೆಗೆ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ವನಜಮ್ಮ ಸ್ಟೂಲ್ ಎಳೆದುಕೊಂಡು ಮೊಮ್ಮಗಳ ಪಕ್ಕ ಕೂತೇಬಿಟ್ಟಿದ್ದರು.

ಶರಣ್ಯ ತನ್ನ ಆಟದ ಚೀಲ ಬಿಚ್ಚಿ ನೋಡಿದಳು. ಅಪ್ಪ ಎಲ್ಲ ಖರ್ಚು ಮಾಡಿ, ಒಂದು ವಸ್ತುವನ್ನು ಮಾತ್ರ ಟಿಫಿನ್ ಡಬ್ಬಿ ಎಂದುಕೊಂಡು ಉಳಿಸಿದ್ದ. ಅದೊಂದು ರೇಡಿಯೋ. ನೆಲದ ಮೇಲೆ ಇಟ್ಟು ಬಂದರೆ ಈ ಕಡೆ ಮೈಕಿನ ಮುಂದೆ ಮಾಡಿದ ಸದ್ದು ಅಲ್ಲಿಂದ ಹೊರಡುತ್ತದೆ. ಸಾಹೇಬ್ರು ಸದ್ದಿನ ಕಡೆ ಹೋಗುತ್ತಾರೆ. ಅರೆಕ್ಷಣ ಸದ್ದು ನಿಂತರೂ ಡಬ್ಬಿ ಆರಿಹೋಗುತ್ತದೆ, ಅದಕ್ಕೇ ಒಬ್ಬರೇ ಆಡುವವರಿಗೆ ಅದು ನಿರುಪಯೋಗಿ. ಓಡುತ್ತಾ ಇಪ್ಪತ್ತು ಕ್ಷಣ ಉಸಿರು ಕಟ್ಟದೆ ಕಿರುಚುವವರು ಯಾರು?

ಅವಳು ಕುರ್ಚಿ ತಿರುಗಿಸಿ ನಮ್ಮನ್ನು ನೋಡಿದಳು. ಎಣಿಸಿದಳು ಎಂದೇ ನನ್ನ ಅನುಮಾನ.

ಐದು ನಿಮಿಷದಲ್ಲಿ ಬೀದಿ ಸಜ್ಜಾಯಿತು. ಗುತ್ಯಪ್ಪನವರು ಗಿರಣಿಗೆ ಓಡಿ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತರು. ಫಯಾಜ್ ಆಟೋವನ್ನು, ಹರೀಶ ಕಸದ ಗಾಡಿಯನ್ನು ಕಿಟಕಿಗೆ ಮೂತಿ ಕೊಟ್ಟು ನಿಲ್ಲಿಸಿದರು. ಇಮಾಂಬೀ ಮೇಕೆಯನ್ನು ಹಿಡಿದು ತಂದಳು. ನನಗೆ ಕುಕ್ಕರಿನ ಸೀಟಿಯನ್ನು ಬಾಯಲ್ಲೇ ಮಾಡಲು ಬರುತ್ತದೆ, ಆ ಖಾತೆ ನನಗೆ ಬಂತು. ಶರಣ್ಯ ರೇಡಿಯೋವನ್ನು ಕಾರಿಡಾರಿನ ಈ ತುದಿಯಲ್ಲಿಟ್ಟು, ಪಕ್ಕದ ಕೊಳವೆಗೆ ನುಗ್ಗಿ, ಎಡಗೈ ಎತ್ತಿದಳು. ಕಿಟಕಿಯಲ್ಲಿ ನಿಂತ ಮಾಲತೇಶ ಬೀದಿಗೆ ಟವೆಲ್ ಬೀಸಿದ.

ಬೆಳಗಿನಿಂದ ನುಂಗಿಟ್ಟ ಸದ್ದೆಲ್ಲ ಒಂದೇ ಸಲ ಹೊರಬಂತು. ಗರ್ರ್ರ್ ಎಂದು ಗಿರಣಿ, ಈರುಳ್ಳಿಯೇಏಏ ಎಂದು ಆಟೋ, ಹಸಿ ಕಸ, ಒಣ ಕಸ, ಮ್ಯಾಅಅ, ನನ್ನ ಮೂರು ಸೀಟಿ. ಎಲ್ಲದರ ಮೇಲೆ, ಸೊರಬದಿಂದ ತುಂಬಿಕೊಂಡು ಬಂದು ಖಾಲಿ ಮಾಡಲು ಜಾಗ ಸಿಗದೆ ಒದ್ದಾಡುತ್ತಿದ್ದ ಉಚ್ಚಂಗಪ್ಪ ಮೈಕಿಗೆ ಬಾಯಿಟ್ಟರು.

“ಹೋದ್ಯಲ್ಲೋ ಮಾರಾಯಾ, ನಮ್ಮನ್ನೆಲ್ಲ ಬಿಟ್ಟು ಹೋದ್ಯಲ್ಲೋಓಓ.”

ಸಾಹೇಬ್ರು ಜೀವಮಾನದಲ್ಲಿ ಅಂಥದ್ದು ಕೇಳಿರಲಿಲ್ಲ. ಸದ್ದಿನ ಕಡೆ ಎರಡು ನೆಗೆತಕ್ಕೆ ಬಂದವರು ಡಬ್ಬಿಯ ಮುಂದೆ ನಿಂತು, ಯಾವ ಸದ್ದನ್ನು ಮೊದಲು ತಿನ್ನಬೇಕೆಂದು ತಿಳಿಯದೆ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಅವರ ಬೆನ್ನ ಹಿಂದೆ ಶರಣ್ಯ ಓಡಿದಳು. ಮೂರು ಭಾಗ. ಎರಡು. ಫಯಾಜನ ಧ್ವನಿವರ್ಧಕ ಕೆಟ್ಟು ನಿಂತಿತು, ಫಯಾಜನೇ ಈರುಳ್ಳಿ ಎಂದು ಬಾಯಲ್ಲಿ ಕೂಗಿದ. ಒಂದು. ಪರದೆ ಕೆಂಪಾಗಿ ಮಿನುಗತೊಡಗಿತು. ವನಜಮ್ಮ ಮೊಮ್ಮಗಳ ಜಡೆ ಹಿಡಿದು ಎಳೆಯುತ್ತಿದ್ದರು, ಅದರಿಂದ ವೇಗ ಹೆಚ್ಚುತ್ತದೆಂದು. ಸೊನ್ನೆ ಎಂದು ತೋರಿಸಿದ ಕ್ಷಣದಲ್ಲೇ ಬಾಗಿಲು ಮುಚ್ಚಿಕೊಂಡಿತು. ದೋಣಿಯ ಒಳಗೆ ಅವಳಿದ್ದಳು.

ದೋಣಿ ದೂರ ಸರಿಯಿತು. ಅದರ ಕಿಟಕಿಯಲ್ಲಿ ಆ ನೌಕೆ ಚಿಕ್ಕದಾಗುತ್ತಾ ಹೋಗಿ, ಸಿಡಿದು, ದೀಪಾವಳಿಯ ಹೂಕುಂಡದಂತೆ ಕಿಡಿ ಸುರಿದು, ಆರಿಹೋಯಿತು. ಬೀದಿಯಲ್ಲಿ ಎದ್ದ ಶಿಳ್ಳೆಗೆ ಹುಚ್ಚರಾಯಸ್ವಾಮಿ ಗುಡಿಯವರೆಗಿನ ಕಾಗೆಗಳು ಎದ್ದವಂತೆ. ಗುತ್ಯಪ್ಪನವರು ಹರೀಶನನ್ನು ಹಿಟ್ಟಿನ ಕೈಯಲ್ಲೇ ಅಪ್ಪಿಕೊಂಡರು.

ಗದ್ದಲ ಇಳಿದಮೇಲೆ ವನಜಮ್ಮ, ಆ ಪ್ರಾಣಿ ಏನಾಯಿತು ಎಂದು ಕೇಳಿದರು. ಅದು ಒಳಗೇ ಇತ್ತಲ್ಲ ಅಜ್ಜಿ, ಹೋಯಿತು ಎಂದಳು ಶರಣ್ಯ. ಪಾಪ, ಕಣ್ಣೂ ಇರಲಿಲ್ಲ ಎಂದರು ವನಜಮ್ಮ. ಹರೀಶ ಮತ್ತೆ ಟೋಪಿ ತೆಗೆದ. ಆಗ ಉಚ್ಚಂಗಪ್ಪ ಗಂಟಲು ಸರಿಮಾಡಿಕೊಂಡು ಒಂದು ತೊಡಕು ಎತ್ತಿದರು. ಸಾವಿಗೆ ಬಂದವರು ಸ್ನಾನ ಮಾಡದೆ ಮನೆಗೆ ಹೋಗುವಂತಿಲ್ಲ. ಇಲ್ಲಿ ಸಾವು ಆಯಿತೋ ಇಲ್ಲವೋ? ಮಾಲತೇಶ, ನಾನು ಇದ್ದೀನಲ್ಲ ಎಂದು ಮೆಲ್ಲಗೆ ಹೇಳಿದ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣೆದುರಿಗೆ ಒಂದು ಜೀವ ಹೋಗಿದೆ, ನಾನು ಬಾಯಿಬಿಟ್ಟು ಅತ್ತಿದ್ದೇನೆ, ನಾನು ಅತ್ತಮೇಲೆ ಅದು ಸಾವೇ ಎಂದು ಉಚ್ಚಂಗಪ್ಪ ತೀರ್ಪು ಕೊಟ್ಟರು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಇಮಾಂಬೀ, ಫಯಾಜ್ ಅವರಿಗೆ ವಿನಾಯಿತಿ ಸಿಕ್ಕಿತು. ಉಳಿದವರು ಸಾವಿನ ಮನೆಯ ಹಿತ್ತಲಲ್ಲೇ ಸ್ನಾನ ಮಾಡಬೇಕು, ನೀರು ಕಾಯಿಸುವುದು ಮನೆಯ ಯಜಮಾನ.

ಹೀಗೆ ಆ ಮಧ್ಯಾಹ್ನ ಮಾಲತೇಶ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಹಂಡೆಗೆ ನೀರು ಹೊಯ್ಯುತ್ತಾ, ಬಕೆಟ್ ತುಂಬುತ್ತಾ ಇದ್ದ. ಹಿತ್ತಲ ತುಂಬ ಟವೆಲ್ ಹೊತ್ತವರ ಸಾಲು. ಏಳನೆಯವರು ಒಳಗೆ ಹೋದಾಗ ಶರಣ್ಯ ಬಂದು ಅವನ ಪಕ್ಕ ಕೂತಳು. ಅವಳು ಇನ್ನೂ ಒಂದು ಮಾತೂ ಅವನೊಡನೆ ಆಡಿರಲಿಲ್ಲ. ಒಲೆಗೆ ಎರಡು ಕಾಯಿಸಿಪ್ಪೆ ತಳ್ಳಿದಳು.

“ಆ ಕಪಾಟಿನಲ್ಲಿ ಎಷ್ಟು ಹೊತ್ತು ಕೂತಿದ್ದೆ ಅಪ್ಪಾ?”

“ಇಪ್ಪತ್ತು ನಿಮಿಷ.”

“ಹೆದರಿಕೆ ಆಗ್ಲಿಲ್ವಾ?”

ಸಾಲಿನಲ್ಲಿದ್ದ ನಾವೆಲ್ಲ ಕಿವಿ ಚುರುಕು ಮಾಡಿದೆವು. ಮಾಲತೇಶ ಎದೆ ಸ್ವಲ್ಪ ಉಬ್ಬಿಸಿದ. ಆಮೇಲೆ ಏನನ್ನಿಸಿತೋ, ಇಳಿಸಿದ.

“ತುಂಬಾ ಆಯ್ತು ಪುಟ್ಟಿ.”

“ನನಗೂ. ಜೀಪಿನಲ್ಲಿ,” ಎಂದಳು ಶರಣ್ಯ. ಆಮೇಲೆ ತುಂಬಿದ ಎರಡು ಬಕೆಟಿನಲ್ಲಿ ಒಂದನ್ನು ತಾನೇ ಎತ್ತಿಕೊಂಡು ಎದ್ದಳು. “ನಡಿ, ಇನ್ನೂ ಮೂವತ್ತೊಂದು ಜನ ಇದ್ದಾರೆ.”